ಬೇಗಡೆ ಹಚ್ಚಿದ ಸೂಜಿ

ಕೊಪ್ಪಳ ಜಿಲ್ಲೆಯಾದ ವರ್ಷವೇ ನಾನು ವಾಯುಪಡೆಯ ಫಿಟ್ಟರ್ ಕೆಲಸ ಮುಗಿಸಿ ಊರಿಗೆ ಮರಳಿದೆ. ಟ್ರಂಕಿನಲ್ಲಿ ಮುಷ್ಟಿಯೊಳಗೆ ಹಿಡಿಸುವಷ್ಟು ಸಣ್ಣದೊಂದು ಎಂಜಿನ್ ಇತ್ತು. ಆಟದ ವಿಮಾನಕ್ಕೆ ಕೂಡಿಸುವಂಥದು. ತರಬೇತಿಯ ದಿನಗಳಲ್ಲಿ ನನ್ನ ಗುರು ಕೊಟ್ಟದ್ದು. ತಿರುಗದ ಎಂಜಿನ್ ಬರೀ ತೂಕ ಎನ್ನುತ್ತಿದ್ದರು ಅವರು.

ವರ್ಗಾವಣೆಗಳ ನಡುವೆ ಎಲ್ಲೋ ಅದರ ಕಾರ್ಬುರೇಟರಿನ ಎರಡು ಭಾಗ ಕಳೆದುಹೋಗಿದ್ದವು. ಒಂದು, ಗಾಳಿ ಎಳೆಯುವ ಬಾಯಿಗೆ ಅಡ್ಡಲಾಗಿ ಕೂಡುವ ಹಿತ್ತಾಳೆಯ ನಳಿಗೆ. ಇನ್ನೊಂದು, ಆ ನಳಿಗೆಯೊಳಗೆ ಇಳಿದು ಎಣ್ಣೆಯ ಹರಿವನ್ನು ಹೆಚ್ಚು ಕಡಿಮೆ ಮಾಡುವ ಸೂಜಿ. ಆ ಎಂಜಿನ್ ತಯಾರಿಸುತ್ತಿದ್ದ ಕಂಪನಿ ಎಂದೋ ಮುಚ್ಚಿತ್ತು.

ಹೆಂಡತಿಯ ತಮ್ಮ ಸರಕಾರಿ ಕಚೇರಿಯ ನೌಕರ. ನಮ್ಮ ಮನೆಗೆ ಷೋಕೇಸ್ ಮಾಡಿಸಿಕೊಟ್ಟಿದ್ದ. ನನ್ನ ಪದಕಗಳ ಪಕ್ಕದಲ್ಲೇ ಎಂಜಿನ್ನೂ ಇರಬೇಕೆಂಬುದು ಅವನ ಹಟ. ಅದು ಓಡಬೇಕು ಅಂದೆ.

"ಮಾಮಾ, ಪೆನ್ಶನ್ ಬಂದ ಮ್ಯಾಲೆ ಯಾರು ಓಡ್ತಾರ್ರಿ? ಅದೂ ಕುಂದ್ರಲಿ, ನೀವೂ ಕುಂದರ್ರಿ" ಅಂದ.

ನಾನು ಕೂರಲಿಲ್ಲ.

ಮೊದಲು ಎಂಜಿನ್ನಿನ ಮುಂದೆ ತಿರುಗುವ ಕಟ್ಟಿಗೆಯ ಪಂಖ ಹೊಸದು ಬೇಕಿತ್ತು. ಕಿನ್ನಾಳದಲ್ಲಿ ಗೊಂಬೆ ಮಾಡುವ ಹಿರಿಯರೊಬ್ಬರಿಗೆ, ಅಳತೆಗೆ ಇರಲಿ ಎಂದು ಎಂಜಿನ್ನನ್ನೇ ಕೊಟ್ಟು, ಸೂಜಿ ಕಳೆದ ಕಥೆಯನ್ನೂ ಹೇಳಿ ಬಂದೆ. ವಾರದ ಮೇಲೆ ಹೋದಾಗ ಪಂಖ ಸಿದ್ಧವಿತ್ತು. ಎಂಜಿನ್ನಿಗೆ ಸೂಜಿಯೂ ಬಂದಿತ್ತು! ಹಗುರ ಕಟ್ಟಿಗೆಯಲ್ಲಿ ಕೆತ್ತಿ, ಲೋಹದಂತೆ ಹೊಳೆಯುವ ಬೇಗಡೆ ಹಚ್ಚಿ, ಹುಣಸೆಬೀಜದ ಅಂಟಿನಿಂದ ಗಾಳಿಯ ಬಾಯಿಗೇ ಕೂಡಿಸಿಬಿಟ್ಟಿದ್ದರು. ಒಂದು ಕ್ಷಣ ನನಗೇ ಅದು ಲೋಹವೆನಿಸಿತು.

"ಅಂಗ ಊನ ಇದ್ದದ್ದು ನಮ್ಮ ಮನಿ ಹೊಸ್ತಲ ದಾಟಬಾರದ್ರಿ. ದೇವರಾಗಲಿ, ಗೊಂಬಿ ಆಗಲಿ" ಎಂದರು. ಸೂಜಿಗೆ ಬೇರೆ ದುಡ್ಡನ್ನೂ ಮುಟ್ಟಲಿಲ್ಲ. ಅವರ ರೀತಿಗೆ ಕೈ ಮುಗಿದು ಬಂದೆ.

ಮನೆಯಲ್ಲಿ ಹಬ್ಬದ ಸಂಭ್ರಮ. ಎಂಜಿನ್ ಪೂರ್ತಿಯಾಯಿತೆಂದು ಹೆಂಡತಿಯ ತಮ್ಮ ಷೋಕೇಸಿನ ಗಾಜು ಒರೆಸಿ ಜಾಗ ಮಾಡಿದ. ಆದರೆ ಕಟ್ಟಿಗೆಯ ಸೂಜಿಯಿಂದ ಎಣ್ಣೆ ಹರಿಯದು; ಮರುದಿನ ಬೆಳಿಗ್ಗೆ ನಾನು ಎಂಜಿನ್ನನ್ನು ಬಿಸಿನೀರಿನಲ್ಲಿ ನೆನೆಹಾಕಿದೆ. ಅಂಟು ಕರಗಿತು, ಕಟ್ಟಿಗೆಯ ಸೂಜಿ ಕೈಗೆ ಬಂತು.

"ನೆಟ್ಟಗಾಗಿದ್ದನ್ನ ಮತ್ತ ಕುಂಟ ಮಾಡಿದ್ರಲ್ರಿ, ಮಾಮಾ."

"ಬಣ್ಣದ ಕಾಲಿಗಿಂತ ಕುಂಟಗಾಲು ಲೇಸೋ, ತಮ್ಮಾ."

ಅವನು ಒಂದು ತಿಂಗಳು ನಮ್ಮ ಮನೆಯ ಚಹಾ ಕುಡಿಯಲಿಲ್ಲ.

ನಾನು ದಿನಾ ಬೆಳಿಗ್ಗೆ ಸ್ನಾನ ಮುಗಿಸಿ, ತಿಂಡಿಗೆ ಕರೆಯುವ ತನಕ ಕೆಲಸಕ್ಕೆ ಕೂತೆ. ಗಂಗಾವತಿಯಲ್ಲಿ ಅಕ್ಕಿ ಗಿರಣಿಗಳಿಗೆ ಬಿಡಿಭಾಗ ಮಾರುವ ಅಂಗಡಿಯಿಂದ ಸಣ್ಣ ಹಿತ್ತಾಳೆ ನಳಿಗೆ ತಂದು, ಅದರ ನಡುವೆ ಎಣ್ಣೆ ಚಿಮ್ಮಲು ತೂತು ಕೊರೆದೆ. ಸೈಕಲ್ ಸ್ಪೋಕಿನ ತುದಿಯಲ್ಲಿ ನವಿರಾದ ಮರೆ, ಅಂದರೆ ತಿರುಪಿನ ಗೆರೆ ಇರುತ್ತದೆ, ಅದಕ್ಕೆ ಹೊಂದುವ ನಿಪ್ಪಲ್ ಇರುತ್ತದೆ. ನಿಪ್ಪಲನ್ನು ನಳಿಗೆಗೆ ಬೆಸೆದೆ. ಸ್ಪೋಕಿನ ತುದಿಗೆ ಬೆಸೆಯಲು ಹೊಲಿಗೆಯ ಸೂಜಿ ಬೇಕಾಯಿತು. ಹೆಂಡತಿ ತನ್ನ ಡಬ್ಬಿ ತೆಗೆದು, ಎಂಜಿನ್ ಓಡದಿದ್ದರೆ ಸೂಜಿ ವಾಪಸ್ ಕೊಡಬೇಕೆಂದು ಹೇಳಿಯೇ ಕೊಟ್ಟಳು.

ಮಾಳಿಗೆಯ ಮೇಲೆ ಹಲಗೆಗೆ ಎಂಜಿನ್ ಬಿಗಿದೆ. ಸೀಮೆಎಣ್ಣೆ, ಔಡಲೆಣ್ಣೆ, ಈಥರ್ ಕಲಸಿ ಹಾಕಿ ಪಂಖ ಹೊಡೆದೆ. ಚೀರಿತು, ಸತ್ತಿತು. ಮತ್ತೆ ಹೊಡೆದೆ, ಮತ್ತೆ ಅದೇ. ಕೆಳಗೆ ಅಂಗಳದಿಂದ ನಗು ಕೇಳಿಸಿತು. ಹೆಂಡತಿಯ ತಮ್ಮ ಮುನಿಸು ಬಿಟ್ಟು ಅಂದೇ ಚಹಾಕ್ಕೆ ಬಂದಿದ್ದ.

ನಗುವವರು ನಗಲಿ ಎಂದು ಮತ್ತೊಮ್ಮೆ ಪಂಖ ಹೊಡೆದು ಎಂಜಿನ್ನಿನ ದನಿಗೆ ಕಿವಿಗೊಟ್ಟೆ. ಎಣ್ಣೆ ಸಾಲದ ಚೀರಾಟ ಅದು. ಸ್ಪೋಕಿನ ಮರೆಯ ಸಂದಿನಿಂದ ಗಾಳಿ ನುಗ್ಗುತ್ತಿತ್ತು. ಸೈಕಲ್ಲಿನ ವಾಲ್ವ್ ರಬ್ಬರಿನ ತುಂಡೊಂದನ್ನು ಆ ಸಂದಿನ ಮೇಲೆ ಬಿಗಿಯಾಗಿ ಏರಿಸಿದೆ. ಈ ಸಲ ಪಂಖ ಹೊಡೆದಾಗ ಎಂಜಿನ್ ಹಿಡಿಯಿತು. ಸೂಜಿಯನ್ನು ಸ್ವಲ್ಪ ಒಳಗೆ ತಿರುಗಿಸಿದೆ. ದನಿ ಏರಿ ಒಂದೇ ಶ್ರುತಿಯಲ್ಲಿ ನಿಂತಿತು. ಓಣಿಯ ನಾಯಿಗಳೆಲ್ಲ ಬೊಗಳಿದವು. ಹೆಂಡತಿ ಸೂಜಿ ಕೇಳಲಿಲ್ಲ.

ಎಣ್ಣೆ ಕುಡಿದ ರಬ್ಬರು ಉಬ್ಬುತ್ತದೆ. ತಿಂಗಳಿಗೊಮ್ಮೆ ಬದಲಿಸುತ್ತೇನೆ, ಈಗಲೂ. ಷೋಕೇಸಿನಲ್ಲಿ ಪದಕಗಳ ಪಕ್ಕ ಬೇಗಡೆ ಹಚ್ಚಿದ ಸೂಜಿ ಇದೆ. ಅಷ್ಟು ಚಂದದ ಕೆಲಸಕ್ಕೆ ಅದು ತಕ್ಕ ಜಾಗ.

ಹೆಂಡತಿಯ ತಮ್ಮನೂ ನಿವೃತ್ತನಾದ. ಮೊನ್ನೆ ಬಂದವನು ಷೋಕೇಸಿನ ಮುಂದಿನ ಕುರ್ಚಿಯಲ್ಲಿ ಕಾಲು ಚಾಚಿ ಕೂತ.

"ಏಳೋ, ಮಾಳಗಿಗೆ ನಡಿ. ಇವತ್ತ ಪಂಖ ನೀ ಹೊಡಿ" ಅಂದೆ.

ಮೊಣಕಾಲು ಹಿಡಿದುಕೊಂಡು, ಗೊಣಗುತ್ತ ಎದ್ದ.