ದಯಾ ಮಾವನ ದನಿ

ಇವತ್ತು ಬೆಳಿಗ್ಗೆ ನೆರೂಳದ ಬಸ್‌ಸ್ಟಾಪಿನಲ್ಲಿ ಕೊರಳಿಗೆ ಬಿಳಿ ಬಟ್ಟೆ ಕಟ್ಟಿಕೊಂಡಿದ್ದ ಒಬ್ಬರನ್ನು ಕಂಡೆ. ಕೂಡಲೇ ಡೊಂಬಿವಲಿಯ ನಮ್ಮ ಹಳೆಯ ಮನೆ, ದಯಾ ಮಾವ ನೆನಪಾದರು.

ಮಾವ ಅಮ್ಮನ ತಮ್ಮ. ವಾರವಿಡೀ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದರು, ಶನಿವಾರ ಸಂಜೆ ನವಿಮುಂಬೈಯ ಪಬ್ಬುಗಳಲ್ಲಿ ಇಂಗ್ಲಿಷ್ ಹಾರ್ಡ್ ರಾಕ್ ಹಾಡುತ್ತಿದ್ದರು. ಅಭ್ಯಾಸ ಮಾತ್ರ ನಮ್ಮ ಬಾತ್‌ರೂಮಿನಲ್ಲಿ. ಅವರು ದನಿ ಏರಿಸಿದರೆ ಸ್ಟೀಲಿನ ಬಕೆಟ್ಟೂ ಗುಂಯ್ ಎನ್ನುತ್ತಿತ್ತು.

"ಮೆಲ್ಲ ಮಾರಾಯ, ಬಿಲ್ಡಿಂಗಿನ ಸೊಸೈಟಿಯವ್ರು ಬೈತಾರೆ," ಎಂದು ಅಜ್ಜಿ ಕದ ಬಡಿಯುತ್ತಿದ್ದರು.

ಒಂದು ಮಳೆಗಾಲ ಮಾವನ ಗಂಟಲು ಕಟ್ಟಿತು, ಮತ್ತೆ ಬಿಡಲೇ ಇಲ್ಲ. ಕ್ಯಾನ್ಸರ್, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ಡಾಕ್ಟರು.

"ಹಾಡದೆ ಬದುಕಿ ಏನು ಮಾಡ್ಲಿ ಅಮ್ಮ?" ಎಂದು ಮಾವ ಹಟ ಹಿಡಿದರು.

"ಇನ್ನೊಬ್ಬ ಮಗನನ್ನು ನಾನು ಎಲ್ಲಿಂದ ತರ್ಲಿ?" ಎಂದು ಅಜ್ಜಿ ಅತ್ತರು. ಮಾವ ಒಪ್ಪಿಕೊಂಡರು.

ಆಪರೇಶನ್ನಿನ ಹಿಂದಿನ ಸಂಜೆ ಬ್ಯಾಂಡಿನ ಗೆಳೆಯನೊಬ್ಬ ಗಿಟಾರ್ ಹಿಡಿದು ಬಂದ. ಮಾವ ನಡುಮನೆಯಲ್ಲಿ ನಿಂತು ಹಾಡಿದರು. ಏರುವ ಕಡೆಯಲ್ಲೆಲ್ಲ ದನಿ ಒಡೆದು ಬರೀ ಗಾಳಿ ಬರುತ್ತಿತ್ತು. ಒಂದು ಪದವೂ ಅರ್ಥವಾಗದ ಅಜ್ಜಿ ಕೊನೆಯವರೆಗೂ ನಿಂತೇ ಕೇಳಿದರು.

ಆಮೇಲೆ ಮಾವ ಕೊರಳಿನ ತೂತಿಗೆ ಬಿಳಿ ಬಟ್ಟೆ ಕಟ್ಟಿಕೊಂಡು ಕೆಲವು ವರ್ಷ ಬದುಕಿದರು. ಗಿರಾಕಿಗಳ ಹತ್ತಿರ ಕೈಸನ್ನೆ. ಮನೆಗೆ ಬಂದರೆ ಸಿಡಿ ಪ್ಲೇಯರಿನೆದುರು ಕೂತು, ಹಾಡಿನ ಜೊತೆ ಬರೀ ತುಟಿ ಆಡಿಸುತ್ತಿದ್ದರು. ಅಜ್ಜಿ ಅಡುಗೆಮನೆಯಿಂದ ಬಂದು ವಾಲ್ಯೂಮ್ ಏರಿಸಿ ಒಳಗೆ ಹೋಗುತ್ತಿದ್ದರು.

ಅವರ ಹಾಡನ್ನು ನಮ್ಮಲ್ಲಿ ಯಾರೂ ರೆಕಾರ್ಡ್ ಮಾಡಿರಲಿಲ್ಲ. ಇವತ್ತು ಬಸ್ಸು ಬೇಲಾಪುರ ಮುಟ್ಟುವ ತನಕ ಆ ದನಿಯನ್ನು ನೆನಪಿಸಿಕೊಳ್ಳಲು ನೋಡಿದೆ. ಮಾವನ ಮುಖ ಬಂತು, ತೆರೆದ ಬಾಯಿ ಬಂತು. ದನಿ ಬರಲಿಲ್ಲ.