ಘಾಟಿನ ಮೈಕಿನಲ್ಲಿ ಅವ್ವನನ್ನು ಕರೆದದ್ದು

ಇದು 2022ರ ಡಿಸೆಂಬರ್ ತಿಂಗಳಲ್ಲಿ ನಡೆದದ್ದು. ಎಪ್ಪತ್ತಾರು ವರ್ಷದ ನಮ್ಮವ್ವನನ್ನು ಕರೆದುಕೊಂಡು ನಾನು ಕಾಶಿಗೆ ಹೋಗಿದ್ದೆ. ಈ ಸುದ್ದಿ ಕೇಳಿ ಗದಗಿನ ನಮ್ಮ ಆಫೀಸಿನಲ್ಲಿ ಎಲ್ಲರೂ ಒಂದು ವಾರ ನಕ್ಕಿದ್ದರು. ಯಾಕೆಂದರೆ ನಾನು ದೇವರನ್ನು ನಂಬುವವನಲ್ಲ. ಹತ್ತೊಂಬತ್ತನೇ ವಯಸ್ಸಿನಲ್ಲಿ ಕೊರಳಲ್ಲಿದ್ದ ಲಿಂಗ ತೆಗೆದು ಅವ್ವನ ಕೈಗೆ ಕೊಟ್ಟವನು. ಅವಳು ಅದನ್ನು ತನ್ನ ಪೂಜೆಯ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಳು.

ನಾನು ಸರ್ವೇಯರ್. ರಸ್ತೆ, ಹೊಲ, ನಿವೇಶನ ಅಳೆಯುವುದು ನನ್ನ ಕೆಲಸ. ರಸ್ತೆಯ ಅಂಚಿನಲ್ಲಿ ಮೊದಲು ಒಂದು ಕಲ್ಲು, ಆಮೇಲೆ ಅದಕ್ಕೊಂದು ತಗಡಿನ ಮಾಡು, ಐದಾರು ವರ್ಷಕ್ಕೆ ಗ್ರಿಲ್ಲು, ಹುಂಡಿ ಬರುವುದನ್ನು ನಕ್ಷೆ ಕೈಯಲ್ಲಿ ಹಿಡಿದು ನೋಡಿದವನು. ಯಾವ ಧರ್ಮದವರೂ ಇದರಲ್ಲಿ ಹಿಂದೆ ಬಿದ್ದಿಲ್ಲ. ನಂಬಿಕೆ ಮನೆಯೊಳಗಿರಲಿ, ರಸ್ತೆ ಎಲ್ಲರದೂ ಅನ್ನುವುದು ನನ್ನ ಮಾತು. ಆಫೀಸಿನಲ್ಲಿ ಶುಕ್ರವಾರದ ಪೂಜೆಗೆ ಗಂಟೆ ಬಾರಿಸಿದರೆ ನಾನು ಎದ್ದು ಚಹಾ ಕುಡಿಯಲು ಹೋಗುತ್ತಿದ್ದೆ. ಎಲ್ಲಕ್ಕಿಂತ ಹೆಚ್ಚು ಸಿಟ್ಟು ನನಗೆ ಮೈಕಿನ ಮೇಲೆ. ನಮ್ಮ ಓಣಿಯ ಗುಡಿಯ ಮೈಕಿನ ಬಗ್ಗೆಯೂ ಆಚೆ ಓಣಿಯ ಮಸೀದಿಯ ಮೈಕಿನ ಬಗ್ಗೆಯೂ ಪೊಲೀಸರಿಗೆ ಅರ್ಜಿ ಬರೆದಿದ್ದೆ. ಹೀಗಾಗಿ ಎರಡೂ ಕಡೆಯವರು ನನ್ನನ್ನು ಮಾತಾಡಿಸುವುದು ಬಿಟ್ಟಿದ್ದರು.

ಅವ್ವನಿಗೆ ಕಾಶಿ ನೋಡುವ ಆಸೆ ಬಹಳ ದಿನದ್ದು. ನನ್ನ ಹೆಂಡತಿ ಶಕುಂತಲಾ ಕರೆದುಕೊಂಡು ಹೋಗುವುದೆಂದು ಟಿಕೆಟ್ ಆಗಿತ್ತು. ಹೊರಡಲು ಹತ್ತು ದಿನವಿದ್ದಾಗ ಅವಳು ಮೆಟ್ಟಿಲು ತಪ್ಪಿ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಳು. ಅವ್ವ ‘ಇರಲಿ ಬಿಡು, ಮುಂದಿನ ವರ್ಷ ನೋಡೂಣು’ ಎಂದಳು. ಆ ಮುಂದಿನ ವರ್ಷ ಎನ್ನುವ ಮಾತು ನನಗೆ ತಡೆಯಲಾಗಲಿಲ್ಲ. ನಾನೇ ಬರುತ್ತೇನೆ, ಆದರೆ ಗುಡಿಯ ಬಾಗಿಲತನಕ ಮಾತ್ರ ಎಂದೆ. ಅವ್ವ ನಕ್ಕು ಒಪ್ಪಿದಳು.

ಜಂಗಮವಾಡಿಯ ಗಲ್ಲಿಯೊಂದರಲ್ಲಿ ಸಣ್ಣ ಲಾಡ್ಜಿನಲ್ಲಿ ಇಳಿದುಕೊಂಡೆವು. ಮೊದಲ ದಿನ ಅಲ್ಲಿನ ವೀರಶೈವ ಮಠಕ್ಕೆ ಹೋದೆವು. ಅಲ್ಲಿ ಕನ್ನಡ ಮಾತು ಕೇಳಿ ಅವ್ವನಿಗೆ ತವರಿಗೆ ಬಂದಷ್ಟು ಖುಷಿ. ಎರಡನೇ ದಿನ ಸಾರನಾಥ ನೋಡಿದೆವು. ಮೂರನೇ ದಿನ ಬೆಳಿಗ್ಗೆ ಮೊದಲು ಗಂಗೆ, ಆಮೇಲೆ ವಿಶ್ವನಾಥನ ದರ್ಶನ ಎಂದು ಗೊತ್ತುಮಾಡಿಕೊಂಡು ಎಂಟರ ಸುಮಾರಿಗೆ ಹೊರಟೆವು.

ಗೋದೌಲಿಯಾ ಚೌಕದ ಹತ್ತಿರ ಯಾವುದೋ ಮೆರವಣಿಗೆ ಬರುತ್ತಿತ್ತು. ಮುಂದೆ ಒಂದು ಟೆಂಪೊ, ಅದರ ತುಂಬ ಸ್ಪೀಕರು. ಎದೆ ನಡುಗುವಂಥ ಸದ್ದು. ಸೈಕಲ್ ರಿಕ್ಷಾ, ಜನ, ದನ ಎಲ್ಲ ಒಂದೇ ಕಡೆ ಸಿಕ್ಕಿಬಿದ್ದು ಮುಕ್ಕಾಲು ಗಂಟೆ ಅಲ್ಲೇ ನಿಂತೆವು. ಅವ್ವನಿಗೆ ಸಕ್ಕರೆ ಕಾಯಿಲೆ, ತಿಂಡಿಯೂ ಆಗಿರಲಿಲ್ಲ, ಗುಳಿಗೆಯೂ ಆಗಿರಲಿಲ್ಲ. ನನ್ನ ತಲೆ ಬಿಸಿಯಾಗುತ್ತಿತ್ತು. ತಿರುಗಿ ನೋಡಿದರೆ ಅವ್ವ ಆ ಟೆಂಪೊ ಮೇಲಿನ ಮೂರ್ತಿಗೆ ಕಣ್ಣುಮುಚ್ಚಿ ಕೈಮುಗಿದು ನಿಂತಿದ್ದಾಳೆ.

ಆಗ ನನ್ನ ಬಾಯಿಂದ ಬರಬಾರದ ಮಾತು ಬಂತು. ‘ನಿನ್ನಂಥೋರು ಕೈಮುಗೀತೀರಿ ಅಂತನ ಇವರದು ಇಷ್ಟು ನಡೀತೈತಿ. ಅವ ಖರೇನ ಇದ್ದಿದ್ರ ಅಪ್ಪ ನಲವತ್ತಾರಕ್ಕ ಯಾಕ ಸಾಯ್ತಿದ್ದ? ಆಗೂ ನೀ ಪ್ರತಿ ಸೋಮವಾರ ಗುಡಿಗೆ ಹೋಗ್ತಿದ್ದೆಲ್ಲ?’

ಅವ್ವ ಕೈ ಇಳಿಸಿದಳು. ನನ್ನ ಮುಖ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ದಾರಿ ಬಿಟ್ಟಾಗ ‘ನಡಿ’ ಎಂದಳು, ಅಷ್ಟೇ. ಅಲ್ಲಿಯವರೆಗೆ ನನ್ನ ಕೈ ಹಿಡಿದು ನಡೆಯುತ್ತಿದ್ದವಳು ಎರಡು ಹೆಜ್ಜೆ ಹಿಂದೆ ನಡೆಯತೊಡಗಿದಳು.

ದಶಾಶ್ವಮೇಧ ಘಾಟಿನ ಮೆಟ್ಟಿಲು ಇಳಿಯುವಾಗ ಆಫೀಸಿನಿಂದ ಫೋನ್ ಬಂತು. ಯಾವುದೋ ಕಡತ ಸಿಗುತ್ತಿಲ್ಲವಂತೆ. ಒಂದು ಕಂಬದ ಮರೆಗೆ ನಿಂತು ನಾಲ್ಕೈದು ನಿಮಿಷ ಮಾತಾಡಿದೆ. ಫೋನ್ ಇಟ್ಟು ತಿರುಗಿದರೆ ಅವ್ವ ಇಲ್ಲ.

ಮೊದಲು ಹೆದರಿಕೆಯಾಗಲಿಲ್ಲ. ಇಲ್ಲೇ ಎಲ್ಲೋ ಕೂತಿರುತ್ತಾಳೆ ಅಂದುಕೊಂಡೆ. ಮೆಟ್ಟಿಲ ಮೇಲೆ ಹಸಿರು ಸೀರೆ, ಬೂದಿ ಬಣ್ಣದ ಶಾಲು ಕಂಡಲ್ಲೆಲ್ಲ ಓಡಿ ಮುಖ ನೋಡಿದೆ. ದೋಣಿಯವರನ್ನು, ಹೂವಿನವರನ್ನು ಕೇಳಿದೆ. ಪಕ್ಕದ ಘಾಟಿನವರೆಗೆ ಹೋಗಿ ಬಂದೆ. ಅರ್ಧ ಗಂಟೆಯಾಯಿತು. ಅವಳ ಫೋನು ನನ್ನ ಚೀಲದಲ್ಲೇ ಇತ್ತು. ಹಿಂದಿಯ ಒಂದು ಅಕ್ಷರ ಅವಳಿಗೆ ಬರುವುದಿಲ್ಲ. ಲಾಡ್ಜಿನ ಹೆಸರು ಗೊತ್ತಿಲ್ಲ. ಆಮೇಲೆ ಕಣ್ಣು ನೀರಿನ ಕಡೆಗೆ ಹೋಯಿತು. ಕೆಳಗಿನ ಮೆಟ್ಟಿಲುಗಳು ಪಾಚಿ ಹಿಡಿದು ಜಾರುತ್ತಿದ್ದವು. ನನ್ನ ಮಾತಿನಿಂದ ಮನಸ್ಸು ಕೆಟ್ಟು ಹೋದವಳು ಅನ್ನುವುದು ನೆನಪಾಗಿ ಪೊಲೀಸ್ ಚೌಕಿಗೆ ಓಡಿದೆ.

ಅಲ್ಲಿದ್ದ ಪೇದೆ ಸಮಾಧಾನದಿಂದ ಎಲ್ಲ ಬರೆದುಕೊಂಡ. ಇಲ್ಲಿ ದಿನಾ ಹೀಗೆ ಜನ ತಪ್ಪಿಸಿಕೊಳ್ಳುತ್ತಾರೆ, ಸಿಗುತ್ತಾರೆ, ಮೊದಲು ಹೋಗಿ ಮೈಕಿನಲ್ಲಿ ಕೂಗಿಸಿ ಎಂದ. ಅವನು ಕೈ ತೋರಿಸಿದ ಕಡೆ ಒಂದು ದೊಡ್ಡ ಬಿದಿರಿನ ಛತ್ರಿಯ ಕೆಳಗೆ ಭಜನೆ ನಡೆದಿತ್ತು. ಮೇಲೆ ಕಂಬಕ್ಕೆ ನಾಲ್ಕು ಹಾರ್ನು ಕಟ್ಟಿದ್ದರು. ಬೇರೆ ಯಾವ ದಿನವಾದರೂ ನಾನು ಆ ಕಂಬವನ್ನು ನೋಡಿ ಬೈದುಕೊಂಡೇ ಹೋಗುತ್ತಿದ್ದೆ.

ಮೈಕಿನ ಮುಂದೆ ಕೂತಿದ್ದವರು ಎಪ್ಪತ್ತರ ಹತ್ತಿರದ ಒಬ್ಬ ಹಿರಿಯರು. ತಲೆಗೆ ಉಲನ್ ಟೊಪ್ಪಿಗೆ, ಬಾಯಲ್ಲಿ ಪಾನು. ಎಲ್ಲರೂ ಅವರನ್ನು ಮಿಶ್ರಾಜಿ ಎನ್ನುತ್ತಿದ್ದರು. ನನ್ನ ಹರಕು ಹಿಂದಿ ಕೇಳಿಸಿಕೊಂಡು, ಪಾನು ಉಗುಳಿ ಬಂದು, ಕರ್ನಾಟಕದಿಂದ ಬಂದ ಮಾತಾಜಿ ಎಲ್ಲಿದ್ದರೂ ಛತ್ರಿಯ ಹತ್ತಿರ ಬರಬೇಕೆಂದು ಎರಡು ಸಲ ಕೂಗಿದರು. ಯಾರೂ ಬರಲಿಲ್ಲ. ತಾಯಿಗೆ ಹಿಂದಿ ಬರುತ್ತದೆಯೇ ಎಂದು ಕೇಳಿದರು. ಇಲ್ಲ ಎಂದೆ.

ಅವರು ಭಜನೆಯವರಿಗೆ ಕೈಸನ್ನೆ ಮಾಡಿದರು. ತಾಳ, ಹಾರ್ಮೋನಿಯಂ ನಿಂತವು. ಮೈಕನ್ನು ನನ್ನ ಕೈಗೆ ಕೊಟ್ಟು, ‘ತೋ ಫಿರ್ ಆಪ್ ಹೀ ಬೋಲಿಯೇ. ಮಾ ಹೈ, ಆವಾಜ್ ಪಹಚಾನ್ ಲೇಗೀ’ ಎಂದರು. ನೀವೇ ಮಾತಾಡಿ, ತಾಯಿಯಲ್ಲವೇ, ದನಿ ಗುರುತು ಹಿಡಿಯುತ್ತಾಳೆ ಅಂತ.

ಹುಟ್ಟಿದಾಗಿನಿಂದ ನಾನು ಮೈಕ್ ಹಿಡಿದವನಲ್ಲ. ‘ಅವ್ವಾ, ನಾ ಮಲ್ಲು. ಇಲ್ಲೆ ದೊಡ್ಡ ಛತ್ರಿ ಕೆಳಗ ನಿಂತೀನಿ’ ಎಂದೆ. ನನ್ನ ದನಿ ನದಿಯ ಮೇಲೆ ಹೋಗಿ ತಿರುಗಿ ಬಂದಂತೆ ಕೇಳಿಸಿತು. ಐದು ನಿಮಿಷ ಕಾದು ಇನ್ನೊಮ್ಮೆ ಅದನ್ನೇ ಹೇಳಿದೆ. ಯಾರೂ ಬರಲಿಲ್ಲ. ಭಜನೆಯವರು ನನ್ನ ಸಲುವಾಗಿ ಸುಮ್ಮನೆ ಕೂತಿರುವುದು ನೋಡಿ ಸಂಕೋಚವಾಗಿ, ನೀವು ಹಾಡಿ ಎಂದೆ. ಮಿಶ್ರಾಜಿ ತಲೆಯಾಡಿಸಿದರು. ಸದ್ದಾದರೆ ತಾಯಿಗೆ ನಿನ್ನ ಮಾತು ಕೇಳುವುದು ಹೇಗೆ, ಹಾಡು ಆಮೇಲೂ ಆಗುತ್ತದೆ, ಮತ್ತೆ ಮಾತಾಡು ಎಂದರು.

ಮೂರನೇ ಸಲ ಮೈಕ್ ಹಿಡಿದಾಗ ಹೇಳಲು ಬೇರೆ ಏನೂ ಉಳಿದಿರಲಿಲ್ಲ. ಹೇಗೂ ಇಲ್ಲಿ ಯಾರಿಗೂ ಕನ್ನಡ ಬರುವುದಿಲ್ಲ ಎಂಬ ಧೈರ್ಯವೂ ಇತ್ತು.

‘ಅವ್ವಾ, ಮುಂಜಾನೆ ನಾ ಅಂದದ್ದು ತಪ್ಪಾತು. ದೇವ್ರಿಲ್ಲ ಅನ್ನೂದು ನನ್ನ ವಿಚಾರ. ಅದಕ್ಕ ಅಪ್ಪನ ಸಾವು ನಡಕ ತರಬಾರದಿತ್ತು. ನೀ ಬೈ, ಬೇಕಾದ್ರ ಊರಿಗೆ ಹೋಗೂತನಕ ನನ್ನ ಕೂಡ ಮಾತಾಡಬ್ಯಾಡ. ಆದ್ರ ಎಲ್ಲಿದ್ದೀ ಅಷ್ಟು ತಿಳಿಸು. ಗುಳಿಗಿ ಸೈತ ತಗೊಂಡಿಲ್ಲ ನೀ.’

ಇಷ್ಟು ಹೇಳಿ ಮೈಕ್ ವಾಪಸ್ ಕೊಟ್ಟು ಅಲ್ಲೇ ಕುಸಿದು ಕೂತೆ. ಭಜನೆಯವರಲ್ಲಿ ಒಬ್ಬರು ಮಣ್ಣಿನ ಕುಡಿಕೆಯಲ್ಲಿ ಚಹಾ ತಂದುಕೊಟ್ಟರು.

ಚಹಾ ಮುಗಿಯುವ ಮೊದಲೇ ಐವತ್ತು ದಾಟಿದ ಒಬ್ಬ ಹೆಂಗಸು ಮೆಟ್ಟಿಲಿಳಿದು ಅವಸರದಲ್ಲಿ ಬಂದರು. ತಲೆಯ ಮೇಲೆ ಸೆರಗು, ಉಟ್ಟದ್ದು ಆ ಕಡೆಯವರ ರೀತಿ. ಬಾಯಿ ತೆರೆದರೆ ಕನ್ನಡ.

‘ಕನ್ನಡದಲ್ಲಿ ಕರೆದದ್ದು ನೀವೇ ಅಲ್ಲವಾ? ನಿಮ್ಮ ಮಾತಾಜಿ ನಮ್ಮ ಮನೆಯಲ್ಲಿದ್ದಾರೆ. ಘಬರಾಯಿಸಬೇಡಿ. ನಾಷ್ಟಾ ಆಗಿದೆ, ಆರಾಮಾಗಿ ಕೂತಿದ್ದಾರೆ.’

ಅವರ ಹೆಸರು ಶಾರದಮ್ಮ. ಅಜ್ಜನ ಕಾಲದಲ್ಲಿ ಉಡುಪಿಯ ಕಡೆಯಿಂದ ಬಂದು ಕಾಶಿಯಲ್ಲಿ ನೆಲೆಸಿದ ಮನೆತನವಂತೆ. ಗಂಡ ದಕ್ಷಿಣದ ಯಾತ್ರಿಕರಿಗೆ ಶ್ರಾದ್ಧ, ಪೂಜೆ ಮಾಡಿಸುವ ಪುರೋಹಿತರು. ದಾರಿಯಲ್ಲಿ ನಡೆದದ್ದು ಹೇಳಿದರು. ಅವ್ವ ಮೆಟ್ಟಿಲು ಹತ್ತಿ ಯಾವುದೋ ಗಲ್ಲಿಗೆ ಹೊಕ್ಕು, ದಾರಿ ತಪ್ಪಿ, ಇವರ ಮನೆಯ ಕಟ್ಟೆಯ ಮೇಲೆ ಕೂತು ತನ್ನಷ್ಟಕ್ಕೆ ತಾನೇ ಏನೋ ಮಾತಾಡಿಕೊಳ್ಳುತ್ತಿದ್ದಳಂತೆ. ಒಳಗೆ ಅಕ್ಕಿ ಆರಿಸುತ್ತಿದ್ದ ಶಾರದಮ್ಮನಿಗೆ ಕನ್ನಡ ಕಿವಿಗೆ ಬಿದ್ದು ಹೊರಗೆ ಬಂದಿದ್ದಾರೆ. ತಮ್ಮ ಮಕ್ಕಳೆಲ್ಲ ಹಿಂದಿಯೇ ಆಡುತ್ತಾರೆ, ಮನೆ ಬಾಗಿಲಲ್ಲಿ ಕೂತು ಮುದುಕಿಯೊಬ್ಬಳು ಕನ್ನಡದಲ್ಲಿ ಬೈದುಕೊಳ್ಳುವುದು ಕೇಳಿ ತಮ್ಮ ಅಜ್ಜಿಯೇ ಬಂದ ಹಾಗಾಯಿತು ಎಂದರು. ಯಾರನ್ನು ಬೈಯುತ್ತಿದ್ದಳು ಎಂದು ನಾನು ಕೇಳಲಿಲ್ಲ.

ಅವ್ವ ಅವರ ನಡುಮನೆಯಲ್ಲಿ ಚಾಪೆಯ ಮೇಲೆ ಕಾಲು ಚಾಚಿ ಕೂತಿದ್ದಳು. ಪಕ್ಕದ ತಟ್ಟೆಯಲ್ಲಿ ಅವಲಕ್ಕಿ ಉಳಿದಿತ್ತು. ನಾನು ಹೋಗಿ ಅವಳ ಕಾಲ ಹತ್ತಿರ ಕೂತೆ. ಚೀಲದಿಂದ ಗುಳಿಗೆ ತೆಗೆದುಕೊಟ್ಟೆ, ನುಂಗಿದಳು. ನಾನು ಕೂಗಿದ್ದು ಕೇಳಿತೇನು ಎಂದೆ.

‘ಮೊದಲನೇ ಸಲ ಕರದಾಗನ ಕೇಳಿತ್ತು’ ಎಂದಳು ಅವ್ವ.

ಶಾರದಮ್ಮ ಬಾಗಿಲಲ್ಲಿ ನಿಂತು ನಗತೊಡಗಿದರು. ಮೊದಲ ಸಲವೇ ತಾವು ಓಡಿ ಬರಲು ಹೊರಟಿದ್ದರಂತೆ. ಅವ್ವ ಕೈ ಹಿಡಿದು ಕೂರಿಸಿದಳಂತೆ. ಇನ್ನೂ ಏನೋ ಹೇಳುವುದಿದೆ ಅವನಿಗೆ, ಹೇಳಲಿ, ತಡಿ ಎಂದಳಂತೆ.

ನನಗೆ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಬದಲಿಗೆ ಅಳು ಬಂತು, ಅದರ ಹಿಂದೆಯೇ ನಗುವೂ ಬಂತು. ಅವ್ವ ನನ್ನ ತಲೆಯ ಮೇಲೆ ಕೈ ಇಟ್ಟಳು. ಮೆತ್ತಗೆ, ಬೇರೆ ಯಾರದೋ ಸುದ್ದಿ ಹೇಳುವವಳ ಹಾಗೆ ಹೇಳಿದಳು: ‘ಅವ ಇದ್ದಾನೋ ಇಲ್ಲೋ ನಾ ಏನ್ ಕಂಡೀನಿ ತಮ್ಮಾ. ನಿಮ್ಮಪ್ಪ ಹೋದಾಗ ನನಗ ಮೂವತ್ತೆಂಟು. ನೀ ಹಾಸ್ಟೆಲ್ಲಿನ್ಯಾಗ ಇದ್ದಿ. ರಾತ್ರಿ ಹಗಲ ನನ್ನ ಮಾತು ಕೇಳಾಕ ಒಬ್ಬರು ಬೇಕಾಗಿತ್ತು. ಅವ ಸುಮ್ನ ಕೇಳ್ತಿದ್ದ. ಮೂವತ್ತೆಂಟು ವರ್ಷದಾಗ ಒಮ್ಮೆನೂ ನನಗ ತಿರುಗಿ ಮಾತಾಡಿಲ್ಲ.’

ಆ ಕೊನೆಯ ಮಾತು ನನಗೇ ಅಂತ ಗೊತ್ತಾಯಿತು. ಆದರೆ ನನ್ನನ್ನು ಮುಟ್ಟಿದ್ದು ಅದರ ಹಿಂದಿನದು. ಅಪ್ಪ ತೀರಿಹೋದ ಮೇಲೆ ಅವ್ವ ಯಾರ ಜೊತೆ ಮಾತಾಡುತ್ತಿದ್ದಳು ಎಂದು ನಾನು ಒಂದು ದಿನವೂ ಯೋಚಿಸಿರಲಿಲ್ಲ. ದೇವರಿದ್ದಾನೋ ಇಲ್ಲವೋ ಎಂದು ಎಷ್ಟೋ ಪುಸ್ತಕ ಓದಿದ್ದೆ, ಊರ ಮಂದಿಯ ಜೊತೆ ವಾದ ಮಾಡಿದ್ದೆ.

ದರ್ಶನಕ್ಕೆ ದಾರಿ ತೋರಿಸುತ್ತೇನೆಂದು ಶಾರದಮ್ಮನೂ ನಮ್ಮ ಜೊತೆ ಹೊರಟರು. ಮೊದಲು ಮಿಶ್ರಾಜಿಗೆ ತಿಳಿಸಲು ಘಾಟಿಗೆ ಬಂದೆವು. ಅಲ್ಲಿ ನನ್ನ ಮರ್ಯಾದೆ ಹೋಗುವುದು ಬಾಕಿ ಇತ್ತು. ಮೆಟ್ಟಿಲ ಮೇಲೆ ಬೆಳಗಾವಿ ಕಡೆಯ ಒಂದು ಬಸ್ಸಿನ ಯಾತ್ರಿಕರು ಕೂತು ಬುತ್ತಿ ಬಿಚ್ಚಿದ್ದರು. ಅವರಲ್ಲಿ ರುಮಾಲು ಸುತ್ತಿದ ಒಬ್ಬ ಅಜ್ಜ ನಮ್ಮನ್ನು ನೋಡಿ, ‘ಅವ್ವ ಸಿಕ್ಕರೇನ್ರಿ? ಚಲೋ ಆತು ಬಿಡ್ರಿ. ಇನ್ನ ಮ್ಯಾಲೆ ಹಂಗ ಅನಬ್ಯಾಡ್ರಿ’ ಎಂದರು. ಅವರ ಹಿಂದಿದ್ದ ಹೆಂಗಸರೆಲ್ಲ ಸೆರಗು ಬಾಯಿಗೆ ಹಿಡಿದು ನಕ್ಕರು. ಒಬ್ಬಾಕೆ ಅವ್ವನ ಕೈಗೆ ಶೇಂಗಾ ಚಟ್ನಿ ಹಚ್ಚಿದ ರೊಟ್ಟಿ ಕೊಟ್ಟಳು. ಅವ್ವ ಅದನ್ನು ಮುರಿದು ಅರ್ಧ ನನಗೆ ಕೊಟ್ಟಳು.

ಮಿಶ್ರಾಜಿ ಅವ್ವನ ಕಾಲು ಮುಟ್ಟಲು ಬಗ್ಗಿದರು. ಅವಳು ಗಾಬರಿಯಾಗಿ ಹಿಂದೆ ಸರಿದಳು. ಭಜನೆ ಮತ್ತೆ ಶುರುವಾಗಿತ್ತು. ಹೊರಡುವ ಮುಂಚೆ ನನಗೆ ಸುಮ್ಮನಿರಲಾಗಲಿಲ್ಲ. ನಾನು ನಾಸ್ತಿಕ, ಊರಿನಲ್ಲಿ ಇಂಥ ಮೈಕುಗಳ ಮೇಲೆ ಅರ್ಜಿ ಕೊಡುವವನು ಎಂದು ಹೇಳಿಬಿಟ್ಟೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಸದ್ದು ಜಾಸ್ತಿ ಇರುವುದು ನಿಜ, ನನ್ನ ಹೆಂಡತಿಯೂ ದಿನಾ ಅದನ್ನೇ ಹೇಳುತ್ತಾಳೆ ಎಂದು ಕೈಚಾಚಿ ಒಂದು ಗುಂಡಿ ಸ್ವಲ್ಪ ಹಿಂದಕ್ಕೆ ತಿರುಗಿಸಿದರು. ಎಷ್ಟು ಕಡಿಮೆಯಾಯಿತೋ ದೇವರೇ ಬಲ್ಲ, ನನಗಂತೂ ಗೊತ್ತಾಗಲಿಲ್ಲ.

ಅಲ್ಲಿಂದ ವಿಶ್ವನಾಥನ ಗುಡಿಗೆ ಹೋದೆವು. ಸಾಲಿನ ಹತ್ತಿರ ಬಂದಾಗ ನಾನೂ ಒಳಗೆ ಬರುತ್ತೇನೆ ಎಂದೆ. ಆ ದಿನ ಅವ್ವ ಏನು ಹೇಳಿದರೂ ಮಾಡಲು ಸಿದ್ಧನಿದ್ದೆ.

‘ಬ್ಯಾಡ’ ಎಂದಳು ಅವ್ವ. ‘ನನ್ನ ಸಲುವಾಗಿ ಸುಳ್ಳು ಕೈಮುಗೀಬ್ಯಾಡ. ಇಲ್ಲೇ ನಿಂದ್ರು. ಈ ಸಲ ಫೋನು ನನ್ನ ಕೈಯಾಗ ಕೊಡು.’

ಒಳಗೆ ಫೋನ್ ಬಿಡುವುದಿಲ್ಲ ಎಂದು ಕಾವಲಿನವರು ಹೇಳಿದರು. ಶಾರದಮ್ಮ ತಾವೇ ಜೊತೆಗೆ ಹೋದರು. ನಾನು ಒಂದು ಅಂಗಡಿಯ ಮುಂದೆ ಇಬ್ಬರ ಚಪ್ಪಲಿ ಕಾಯುತ್ತ ಎರಡು ಗಂಟೆ ನಿಂತೆ.

ಈಗಲೂ ನಾನು ನಾಸ್ತಿಕನೇ. ರಸ್ತೆಯ ಅಂಚಿನ ಕಲ್ಲನ್ನು ನಕ್ಷೆಯಲ್ಲಿ ಒತ್ತುವರಿ ಎಂದೇ ತೋರಿಸುತ್ತೇನೆ. ಮೈಕಿನ ಬಗ್ಗೆಯೂ ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ ಅರ್ಜಿ ಬರೆಯುವ ಮೊದಲು ಗುಡಿಯ ಕಮಿಟಿಯವರ ಹತ್ತಿರವೂ ಮಸೀದಿಯ ಹಿರಿಯರ ಹತ್ತಿರವೂ ಹೋಗಿ ಕೂತು ಮಾತಾಡುತ್ತೇನೆ. ಪರೀಕ್ಷೆಯ ದಿನಗಳಲ್ಲಿ ಇಬ್ಬರೂ ಸದ್ದು ಕಡಿಮೆ ಮಾಡುತ್ತಾರೆ. ಉಳಿದ ದಿನ ಒಮ್ಮೊಮ್ಮೆ ಮಾಡುತ್ತಾರೆ, ಒಮ್ಮೊಮ್ಮೆ ಇಲ್ಲ. ಎಲ್ಲರೂ ಈಗ ಮಾತಾಡಿಸುತ್ತಾರೆ.

ಮನೆಯಲ್ಲೂ ಒಂದು ರೂಢಿಯಾಗಿದೆ. ಅವ್ವನ ಪೂಜೆ ಮುಗಿಯುವ ಹೊತ್ತಿಗೆ ನಾನು ಚಹಾ ಹಿಡಿದುಕೊಂಡು ಹೋಗಿ ಅವಳ ಪಕ್ಕದಲ್ಲಿ ಕೂರುತ್ತೇನೆ. ಮೊಣಕಾಲಿನ ನೋವು, ಸೊಸೆಯ ಮೇಲಿನ ಸಣ್ಣ ಸಿಟ್ಟು, ಅಪ್ಪನ ಯಾವುದೋ ಹಳೆಯ ಸುದ್ದಿ ಎಲ್ಲ ಹೇಳುತ್ತಾಳೆ. ನಾನು ತಿರುಗಿ ಮಾತಾಡದೆ ಕೇಳುತ್ತೇನೆ. ಇಷ್ಟು ವರ್ಷ ದೇವರಿಗೆ ಮಾತ್ರ ಹೇಳುತ್ತಿದ್ದದ್ದರಲ್ಲಿ ಅರ್ಧ ಈಗ ನನಗೆ ಹೇಳುತ್ತಿದ್ದಾಳೆ ಅನಿಸುತ್ತದೆ. ಉಳಿದರ್ಧ ಅವನಿಗೇ ಇರಲಿ.