ಅತ್ತೆಯ ಗಿರಣಿ ನಿಂತದ್ದು

ಜಹೀರಾಬಾದಿನ ಅಂಚಿನ ಒಂದು ಶೆಡ್ಡಿನಲ್ಲಿ ನನ್ನ ಕೆಲಸ. ಉಪಗ್ರಹವನ್ನು ಬೇಕಾದ ದಿಕ್ಕಿಗೆ ತಿರುಗಿಸುವ ಚಕ್ರಗಳು ಅಲ್ಲಿಗೆ ಪರೀಕ್ಷೆಗೆ ಬರುತ್ತವೆ. ದಪ್ಪ ಕಲ್ಲಿನ ಹಾಸಿನ ಮೇಲಿಟ್ಟು ತಿರುಗಿಸಿ ನೋಡುತ್ತೇವೆ. ಚಕ್ರ ತುಸು ನಡುಗಿದರೂ ಮೇಲೆ ಹೋದಾಗ ಕ್ಯಾಮೆರಾದ ಚಿತ್ರ ಕದಡುತ್ತದೆ.

ಆ ಬೇಸಿಗೆಯಲ್ಲಿ ಚಕ್ರ ನಿಲ್ಲಿಸಿದರೂ ನಡುಕ ನಿಲ್ಲಲಿಲ್ಲ. ಪರದೆಯ ಮೇಲೆ ಒಂದೇ ಜಾಗದಲ್ಲಿ ಮುಳ್ಳಿನಂಥ ಗೆರೆ. ಸಾಹೇಬರು ಗೋಡೆಯಾಚೆಯ ಹಿಟ್ಟಿನ ಗಿರಣಿಯತ್ತ ಕೈ ತೋರಿಸಿ, ನಿಮ್ಮವರದೇ ಅಲ್ಲವೇ, ಹೋಗಿ ಹೇಳಿ ಎಂದರು.

ಗಿರಣಿ ನನ್ನ ಸೋದರತ್ತೆಯದು. ಮಾವ ತೀರಿಕೊಂಡ ಮೇಲೆ ಒಬ್ಬಳೇ ನಡೆಸುತ್ತಿದ್ದಳು. ಪಸ್ತಾಪುರದ ಕಡೆಯ ಹೆಂಗಸರು ಜೋಳ, ಸಜ್ಜೆ ತರುತ್ತಿದ್ದರು. ಈ ಕೆಲಸ ಸಿಕ್ಕ ಮೇಲೆ ಎರಡು ವರ್ಷ ನನಗೆ ರೊಟ್ಟಿ ಬಡಿದು ಹಾಕಿದವಳೂ ಆಕೆಯೇ.

ಹತ್ತು ದಿನ ಬಂದ್ ಇಡು ಎಂದೆ. ಇಟ್ಟಳು. ಹತ್ತು ದಿನ ಎರಡು ತಿಂಗಳಾಯಿತು. ಹೆಂಗಸರು ಬೇರೆ ಗಿರಣಿ ಹಿಡಿದರು. ಗೆರೆ ಮಾತ್ರ ಒಮ್ಮೆ ಹೋಗುತ್ತಿತ್ತು, ಒಮ್ಮೆ ಬರುತ್ತಿತ್ತು. ಬಂದಾಗಲೆಲ್ಲ ಸಾಹೇಬರು, ಆಕೆ ಕದ್ದು ನಡೆಸುತ್ತಿದ್ದಾಳೆ ಎಂದರು. ಆ ಮಾತನ್ನೂ ನಾನೇ ಒಯ್ದೆ. ಆಕೆ ಗಿರಣಿಯ ಕೀಲಿಕೈಯನ್ನೇ ನನ್ನ ಕೈಗಿಟ್ಟಳು.

ಅದು ನನ್ನ ಕಿಸೆಯಲ್ಲಿದ್ದಾಗಲೂ ಗೆರೆ ಬಂತು. ಆಗ ಒಳಗೆ ಹುಡುಕತೊಡಗಿದೆ. ಒಂದು ಸೋಮವಾರ ಸಿಕ್ಕಿತು. ಅಳತೆಯ ಯಂತ್ರಗಳಿದ್ದ ಕಪಾಟಿನಲ್ಲಿ, ಬಿಸಿಯೇರಿದಾಗ ತಾನಾಗಿ ತಿರುಗುವ ಒಂದು ಫ್ಯಾನು. ಬಿಗಿಯಾಗಿ ಎಳೆದಿದ್ದ ಕೇಬಲ್ಲಿನ ಮೂಲಕ ಅದರ ನಡುಕ ಕಲ್ಲಿಗೆ ಇಳಿಯುತ್ತಿತ್ತು. ಆ ಕೇಬಲ್ ಕಟ್ಟಿದವನು ನಾನು.

ಫ್ಯಾನು ತೋರಿಸಿದಾಗ, ಹೊರಗಿನ ನಡುಕ ನಿವಾರಣೆಯಾಗಿದೆ ಎಂದು ವರದಿಯಲ್ಲಿ ಬರೆಯಿರಿ ಎಂದರು ಸಾಹೇಬರು. ಬರೆದು ಸಹಿ ಹಾಕಿದೆ.

ಬುಧವಾರ ಅತ್ತೆ ಗೇಟಿಗೆ ಬಂದು ಕೀಲಿಕೈ ಕೇಳಿದಳು. ಕೊಟ್ಟೆ. ಫ್ಯಾನಿನ ಮಾತು ಎತ್ತಲಿಲ್ಲ.

ಶನಿವಾರ ಧೈರ್ಯ ಮಾಡಿ ಹೋದೆ. ಗಿರಣಿಯ ಕೋಣೆ ಖಾಲಿ, ನೆಲದಲ್ಲಿ ನಾಲ್ಕು ಬೋಲ್ಟು. ಯಂತ್ರವನ್ನು ಬುಧವಾರವೇ ನಾರಾಯಣಖೇಡದವನೊಬ್ಬ ಕೊಂಡುಹೋಗಿದ್ದ. ಅತ್ತೆಗೆ ಎಲ್ಲ ಹೇಳಿದೆ.

"ನಡುಕ ನನ್ನ ಗಿರಣಿದು ಅಲ್ಲಂತ ಯಾವಾಗ ಗೊತ್ತಾತು?"

"ಸೋಮವಾರ."

"ಅಂದ್ರ ಕೀಲಿಕೈ ಕೊಡೂಮುಂದ ಗೊತ್ತಿತ್ತು."

ಆಕೆ ಒಳಗೆ ಹೋಗಿ ಚಹಾದ ಕಪ್ಪು ತಂದು ಮುಂದಿಟ್ಟಳು.

"ಚಹಾ ತಗೋರಿ."

ಹುಟ್ಟಿದಾಗಿನಿಂದ ನನ್ನನ್ನು ಏಕವಚನದಲ್ಲಿ ಕರೆದವಳು. ಈಗಲೂ ಹೋದರೆ ಹಾಗೆಯೇ, ಊರಿಗೆ ಬಂದ ಅಧಿಕಾರಿಯ ಹತ್ತಿರ ಆಡುವಂತೆ, ಮರ್ಯಾದೆಯಿಂದ ಮಾತಾಡಿಸುತ್ತಾಳೆ.